ಚಕ್ರದ ಮೇಲೊಂದು ಫೋಟೋ ಮನೆ

ಮಕ್ಕಳೇ, ಕಾರನ್ನೇ ಪುಟ್ಟ ಮನೆ ಮಾಡಿಕೊಂಡು, ಫೋಟೋ ತೆಗೆಯುತ್ತಾ ಊರೂರು ಸುತ್ತುವವರನ್ನು ಟಿ.ವಿ.ಯಲ್ಲಿ ನೋಡಿದ್ದೀರಲ್ಲವೇ? ಕಾರು ಹುಟ್ಟುವ ಮೊದಲೇ ಒಬ್ಬರು ಹೀಗೆ ಹೊರಟಿದ್ದರು. ಅವರೇ ಇಂಗ್ಲೆಂಡಿನ ರೋಜರ್ ಫೆಂಟನ್.

1855ರಲ್ಲಿ ಕ್ರಿಮಿಯಾದಲ್ಲಿ ಯುದ್ಧ ನಡೆಯುತ್ತಿತ್ತು. ಅದರ ಚಿತ್ರ ತೆಗೆಯಲು ಫೆಂಟನ್ ವೈನ್ ವ್ಯಾಪಾರಿಯೊಬ್ಬನ ಕುದುರೆಗಾಡಿ ಕೊಂಡರು. ಅದರಲ್ಲೇ ಮಲಗುವ ಜಾಗ, ಅಡುಗೆಯ ಏರ್ಪಾಡು, ಫೋಟೋ ತೊಳೆಯುವ ಕತ್ತಲೆ ಕೋಣೆ! ಜೊತೆಗೆ 700 ಗಾಜಿನ ಪ್ಲೇಟುಗಳು. ಆಗಿನ್ನೂ ಫಿಲ್ಮ್ ಇರಲಿಲ್ಲ. ಗಾಜಿಗೆ ರಾಸಾಯನಿಕ ಹಚ್ಚಿ, ಅದು ಒಣಗುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಿತ್ತು. ಅದಕ್ಕೇ ಕತ್ತಲೆ ಕೋಣೆ ಹೋದಲ್ಲೆಲ್ಲ ಜೊತೆಗಿರಬೇಕಿತ್ತು. ಬೇಸಿಗೆಯಲ್ಲಿ ಒಳಗೆ ಕುಲುಮೆಯಂಥ ಸೆಕೆ. ತಿಳಿಬಣ್ಣದ ಗಾಡಿ ಶತ್ರುಗಳ ಕಣ್ಣಿಗೂ ಬೇಗ ಬೀಳುತ್ತಿತ್ತು.

ಏಪ್ರಿಲ್ 23ರಂದು, ಗುಂಡು ಬೀಳುವ ಕಣಿವೆಗೆ ಹೊರಡುವ ಮುನ್ನ, ಗಾಡಿ ಹೊಡೆಯುತ್ತಿದ್ದ ಸಹಾಯಕ ಮಾರ್ಕಸ್ ಸ್ಪಾರ್ಲಿಂಗ್ ಒಂದು ಮಾತು ಹೇಳಿದರು. ತಾನೂ ಗಾಡಿಯೂ ಹಿಂತಿರುಗುತ್ತೇವೋ ಇಲ್ಲವೋ, ಮೊದಲು ನಮ್ಮದೊಂದು ಚಿತ್ರ ತೆಗೆದುಬಿಡಿ ಎಂದು! ಫೆಂಟನ್ ತೆಗೆದರು. ಅದೃಷ್ಟಕ್ಕೆ ಎಲ್ಲರೂ ಕ್ಷೇಮವಾಗಿ ಮರಳಿದರು.

ಮೂರು ತಿಂಗಳ ಮೇಲಿನ ಆ ಪಾಡಿಗೆ ಸಿಕ್ಕಿದ್ದು 350ಕ್ಕೂ ಹೆಚ್ಚು ಚಿತ್ರ. ಈಗ ಒಂದೇ ಮದುವೆಯಲ್ಲಿ ನಾವು ಮೊಬೈಲಿನಲ್ಲಿ ಅದಕ್ಕಿಂತ ಹೆಚ್ಚು ತೆಗೆಯುತ್ತೇವೆ. ಆದರೆ 170 ವರ್ಷದ ನಂತರವೂ ಸ್ಪಾರ್ಲಿಂಗ್ ತಮ್ಮ ಗಾಡಿಯ ಮೇಲೆ ಕುಳಿತೇ ಇದ್ದಾರೆ. ನಮ್ಮ ಚಿತ್ರಗಳಲ್ಲಿ ಎಷ್ಟು ಉಳಿದಾವು?