‘ನದಿ ದಂಡಿ ಸರ್ಕಾರಿ ಜಾಗ, ಟೆಂಟ್ ಹಾಕ್ರಿ’: ಈ ಫಾರ್ವರ್ಡ್ ನಂಬುವ ಮುನ್ನ

ದಸರಾ ರಜೆ ಹತ್ತಿರ ಬಂದಂತೆ ಕಲಬುರಗಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಂದೇಶಗಳು ಓಡಾಡಲು ಶುರುವಾಗುತ್ತವೆ:

“ಸೂಟಿ ಬಂತು. ರೆಸಾರ್ಟಿಗೆ ಯಾಕ ರೊಕ್ಕ ಹಾಕ್ತೀರಿ? ಭೀಮಾ ದಂಡಿ ಸರ್ಕಾರಿ ಜಾಗ ಅದ, ಯಾರೂ ಕೇಳಂಗಿಲ್ಲ. ಮಳಿ ನಿಂತದ, ಉಸುಕಿನ ಮ್ಯಾಲ ಟೆಂಟ್ ಹಾಕ್ರಿ. ಸುತ್ತ ಉಪ್ಪು, ಬೆಳ್ಳುಳ್ಳಿ ಚೆಲ್ಲಿದ್ರ ಹಾವು ಬರಂಗಿಲ್ಲ. ಸಿಡಿಲು ಬಂದ್ರ ಮೊಬೈಲ್ ಸ್ವಿಚ್ ಆಫ್ ಮಾಡಿ ಟೆಂಟಿನಾಗ ಕುಂಡ್ರಿ. ಹತ್ತು ಮಂದಿಗೆ ಕಳಸ್ರಿ.”

ಓದಲು ಚೆನ್ನಾಗಿದೆ. ಆದರೆ ಇದರಲ್ಲಿರುವ ನಾಲ್ಕು ಮಾತುಗಳೂ ತಪ್ಪು, ಅದರಲ್ಲಿ ಮೂರು ಜೀವಕ್ಕೇ ಕುತ್ತು ತರುವಂಥವು. ಆಳಂದ, ಅಫಜಲಪುರ, ಜೇವರ್ಗಿ ಕಡೆ ಬಯಲಲ್ಲಿ ಒಂದು ರಾತ್ರಿ ಕಳೆಯಬೇಕೆಂದಿರುವವರಿಗಾಗಿ ನಾವು ಅವನ್ನು ಒಂದೊಂದಾಗಿ ನೋಡೋಣ.

ಮಾತು 1: “ಸರ್ಕಾರಿ ಜಾಗ, ಯಾರೂ ಕೇಳಂಗಿಲ್ಲ”

ಸರ್ಕಾರಿ ಜಾಗ ಎಂದ ಮಾತ್ರಕ್ಕೆ ಅಲ್ಲಿ ರಾತ್ರಿ ತಂಗುವ ಹಕ್ಕು ಯಾರಿಗೂ ಬರುವುದಿಲ್ಲ. ‘ಸರ್ಕಾರಿ’ ಎಂಬ ಒಂದೇ ಪದದ ಹಿಂದೆ ಹಲವು ಇಲಾಖೆಗಳಿವೆ. ಗೋಮಾಳ ಮತ್ತು ಹಳ್ಳ-ನದಿಯ ಪಾತ್ರ ಕಂದಾಯ ಇಲಾಖೆಯ ಲೆಕ್ಕಕ್ಕೆ ಬರುತ್ತವೆ. ಜಲಾಶಯ ಮತ್ತು ಕಾಲುವೆಯ ಅಂಚು ನೀರಾವರಿಯವರದು. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಒಳಹೋಗುವುದು, ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ಜಿಲ್ಲೆಯದೇ ಆದ ಚಿಂಚೋಳಿ ವನ್ಯಜೀವಿ ಧಾಮಕ್ಕೆ ಹೋಗಲೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಇನ್ನೊಂದು ವಿಷಯ ಮರೆಯಬಾರದು. ದಂಡೆಯಲ್ಲಿ ಖಾಲಿ ಕಾಣುವ ನೆಲವೆಲ್ಲ ಸರ್ಕಾರದ್ದಲ್ಲ. ಕಟಾವಾದ ತೊಗರಿ ಹೊಲವೂ ದೂರದಿಂದ ಬೀಳು ಭೂಮಿಯಂತೆಯೇ ಕಾಣುತ್ತದೆ.

ತಿಳಿಯುವುದು ಹೇಗೆ? ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆ ನಂಬರ್ ಹಾಕಿ ‘ಭೂಮಿ’ ತಾಣದಲ್ಲಿ ಪಹಣಿ ನೋಡಿದರೆ ಜಾಗ ಯಾರ ಹೆಸರಲ್ಲಿದೆ ಎಂಬುದು ಗೊತ್ತಾಗುತ್ತದೆ. ಸರ್ಕಾರಿ ಜಾಗವಾದರೆ ಗ್ರಾಮ ಆಡಳಿತ ಅಧಿಕಾರಿಯನ್ನೋ ಸಂಬಂಧಪಟ್ಟ ಇಲಾಖೆಯನ್ನೋ ಕೇಳಿ. ರೈತರ ಹೊಲವಾದರೆ ಅವರನ್ನೇ ಕೇಳಿ. ಎಷ್ಟೋ ಸಲ ಇದೇ ಸುಲಭದ ದಾರಿ: ಹೊಲದ ಯಜಮಾನರು ಒಪ್ಪಿದರೆ ಜಾಗವೂ ಸಿಗುತ್ತದೆ, ರಾತ್ರಿ ಏನಾದರೂ ಆದರೆ ಕೂಗಿ ಕರೆಯಲು ಒಬ್ಬರೂ ಸಿಗುತ್ತಾರೆ.

ಮಾತು 2: “ಮಳಿ ನಿಂತದ, ಉಸುಕಿನ ಮ್ಯಾಲ ಟೆಂಟ್ ಹಾಕ್ರಿ”

ನಾಲ್ಕರಲ್ಲಿ ಅತ್ಯಂತ ಅಪಾಯದ ಮಾತು ಇದು. ಅಫಜಲಪುರದಲ್ಲಿ ಮಳೆ ನಿಂತರೆ ಭೀಮೆ ಶಾಂತವಾಗುತ್ತಾಳೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಭೀಮೆಯ ನೀರು ಹೆಚ್ಚಾಗಿ ನಮ್ಮ ಆಕಾಶದಿಂದ ಬರುವುದಿಲ್ಲ. ನದಿ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಅಲ್ಲಿಂದ ಬಂದ ನೀರನ್ನು ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು ಹಿಡಿದಿಡುತ್ತದೆ. ಅಣೆಕಟ್ಟಿನ ಕೆಳಗೆ ನೀರಾ ನದಿ ಬಂದು ಸೇರುತ್ತದೆ, ಇನ್ನೂ ಕೆಳಗೆ ಸೀನಾ ನದಿ. ಆಮೇಲೆ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್, ಘತ್ತರಗಿ, ಗಾಣಗಾಪುರ ದಾಟಿ ನೀರು ಜೇವರ್ಗಿ ಕಡೆ ಹರಿಯುತ್ತದೆ.

ಅಂದರೆ ಮಹಾರಾಷ್ಟ್ರದಲ್ಲಿ ಜೋರು ಮಳೆಯಾಗಿ ಉಜನಿಯಿಂದ ನೀರು ಬಿಟ್ಟರೆ, ನಮ್ಮಲ್ಲಿ ಹೌದೆನ್ನುವಂಥ ಬಿಸಿಲಿದ್ದರೂ ನದಿ ಏರುತ್ತದೆ. ಆ ನೀರನ್ನು ಮುಂದಕ್ಕೆ ಕಳಿಸಲು ಸೊನ್ನ ಬ್ಯಾರೇಜಿನ ಗೇಟು ತೆಗೆಯಲೇಬೇಕು. ಗೇಟು ತೆಗೆಯುವವರು ಕೆಳಗೆ ಯಾರೋ ಉಸುಕಿನ ಮೇಲೆ ಮಲಗಿದ್ದಾರೆಂದು ಕಾಯಲಾರರು.

ಸಂಗಮದ ಕಥೆ ಇನ್ನೂ ಬೇರೆ. ಗಾಣಗಾಪುರದಲ್ಲಿ ಭೀಮೆಗೆ ಸೇರುವ ಅಮರ್ಜಾ ನದಿ ಆಳಂದ ತಾಲ್ಲೂಕಿನಿಂದ ಬರುತ್ತದೆ. ಅದಕ್ಕೆ ಕೊರಳ್ಳಿ ಬಳಿ ಜಲಾಶಯವಿದೆ. ಹಾಗಾಗಿ ಸಂಗಮದಲ್ಲಿ ನಿಂತವರಿಗೆ ಎರಡು ಕಡೆಯಿಂದ ನೀರು ಬರಬಹುದು: ಒಂದು ಮಹಾರಾಷ್ಟ್ರದ್ದು, ಒಂದು ಆಳಂದದ್ದು.

ಸುದ್ದಿಯಲ್ಲಿ ‘1 ಲಕ್ಷ ಕ್ಯುಸೆಕ್ ಬಿಡುಗಡೆ’ ಎಂದು ಓದಿ ನಾವು ಮುಂದೆ ಹೋಗುತ್ತೇವೆ. ಅದೆಷ್ಟು ನೀರು? 1 ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 1 ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. 12,000 ಲೀಟರಿನ ನೀರಿನ ಟ್ಯಾಂಕರುಗಳಲ್ಲಿ ಲೆಕ್ಕ ಹಾಕಿದರೆ, ಪ್ರತಿ ಸೆಕೆಂಡಿಗೆ 230ಕ್ಕೂ ಹೆಚ್ಚು ಟ್ಯಾಂಕರ್ ಖಾಲಿ ಮಾಡಿದಂತೆ.

ಈಗ ದಿನಾಂಕ ಗಮನಿಸಿ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳನ್ನು ಕಂಗೆಡಿಸಿದ ಭೀಮಾ ಪ್ರವಾಹಗಳಲ್ಲಿ ಒಂದು 2020ರ ಅಕ್ಟೋಬರಿನದು, ಇನ್ನೊಂದು 2025ರ ಸೆಪ್ಟೆಂಬರಿನದು. ಎರಡೂ ದಸರಾ ಆಸುಪಾಸಿನವೇ. ಮುಂಗಾರು ಮುಗಿಯುವ ಹೊತ್ತಿಗೆ ಅಣೆಕಟ್ಟುಗಳು ತುಂಬಿರುತ್ತವೆ. ಆಗ ಬಿದ್ದ ದೊಡ್ಡ ಮಳೆಗೆ ಜಾಗವೇ ಇರುವುದಿಲ್ಲ, ಬಂದ ನೀರನ್ನು ಬಂದಂತೆ ಬಿಡಬೇಕಾಗುತ್ತದೆ. ನಮಗೆ ರಜೆ ಇರುವ ದಿನಗಳೇ ನದಿಗೆ ಕೆಟ್ಟ ದಿನಗಳು.

ನೀರು ಇಳಿದ ಮೇಲೂ ಉಸುಕು ಸುರಕ್ಷಿತವಲ್ಲ. ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಣಕಾಲುದ್ದ ಇದ್ದ ನೀರು ಮುಂದಿನ ಹೆಜ್ಜೆಗೆ ತಲೆ ಮೇಲೆ ಹೋಗಬಹುದು.

ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ದಾಟುವ ಸಾಹಸ ಬೇಡ. ಜೋರಾಗಿ ಹರಿಯುವ 15 ಸೆಂಟಿಮೀಟರ್ ನೀರು ದೊಡ್ಡವರನ್ನೂ ಬೀಳಿಸಬಲ್ಲದು. 30 ಸೆಂಟಿಮೀಟರ್ ಸಣ್ಣ ಕಾರನ್ನು, 60 ಸೆಂಟಿಮೀಟರ್ ಬಹುತೇಕ ವಾಹನಗಳನ್ನು ಎತ್ತಿಕೊಂಡು ಹೋಗುತ್ತದೆ.

ಮಾತು 3: “ಉಪ್ಪು, ಬೆಳ್ಳುಳ್ಳಿ ಚೆಲ್ಲಿದ್ರ ಹಾವು ಬರಂಗಿಲ್ಲ”

ಉಪ್ಪು, ಬೆಳ್ಳುಳ್ಳಿ, ಸುಣ್ಣ, ಫಿನಾಯಿಲ್ ಯಾವುದನ್ನೂ ಹಾವಿನಿಂದ ಕಾಯುವ ಬೇಲಿ ಎಂದು ನಂಬುವಂತಿಲ್ಲ. ಕೆಲವರು ಹೇಳುವ ಕಾರ್ಬಾಲಿಕ್ ಆ್ಯಸಿಡ್ ಮೈಮೇಲೆ ಬಿದ್ದರೆ ಚರ್ಮ ಸುಡುತ್ತದೆ.

ಬಯಲಲ್ಲಿ ಮಲಗುವವರು ಮುಖ್ಯವಾಗಿ ಅರಿಯಬೇಕಾದದ್ದು ಕಟ್ಟು ಹಾವಿನ ಬಗ್ಗೆ. ಅದು ಓಡಾಡುವುದೇ ರಾತ್ರಿ. ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು, ಕಚ್ಚಿದ ಜಾಗದಲ್ಲಿ ನೋವು, ಬಾವು ಅಷ್ಟಾಗಿ ಇರುವುದಿಲ್ಲ. ‘ಏನೋ ಸೊಳ್ಳೆ’ ಎಂದು ಮತ್ತೆ ನಿದ್ದೆ ಹೋದವರಿದ್ದಾರೆ. ಕಣ್ಣಿನ ರೆಪ್ಪೆ ಜೋತುಬೀಳುವುದು, ಹೊಟ್ಟೆನೋವು, ನುಂಗಲು ಕಷ್ಟವಾಗುವುದು ಇವು ವಿಷ ಏರಿರುವ ಲಕ್ಷಣ.

ನಿಜವಾಗಿ ಕೆಲಸ ಮಾಡುವುದು ಸರಳ ಸಂಗತಿಗಳು. ಕೆಳಗೆ ಬಟ್ಟೆ ಹೊಲಿದಿರುವ, ಜಿಪ್ ಪೂರ್ತಿ ಮುಚ್ಚುವ ಟೆಂಟ್ ಇರಲಿ. ಬಿರುಕು ಬಿಟ್ಟ ಎರೆಮಣ್ಣು, ಕಲ್ಲಿನ ಗುಡ್ಡೆ, ಕಟ್ಟಿಗೆ ರಾಶಿಯಿಂದ ದೂರವಿರಿ, ಬಿರುಕುಗಳಲ್ಲಿ ಚೇಳೂ ಇರುತ್ತದೆ. ರಾತ್ರಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ. ಬೆಳಿಗ್ಗೆ ಬೂಟು ಜಾಡಿಸಿ ಹಾಕಿಕೊಳ್ಳಿ.

ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಹಗ್ಗ ಬಿಗಿಯಬೇಡಿ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಔಷಧ ಇರುವುದು ಒಂದೇ, ಹಾವಿನ ವಿಷ ನಿರೋಧಕ ಚುಚ್ಚುಮದ್ದು. ಹೊರಡುವ ಮೊದಲೇ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ ಅದು ಇದೆಯೇ ಎಂದು ಕೇಳಿಕೊಳ್ಳಿ.

ಮಾತು 4: “ಮೊಬೈಲ್ ಆಫ್ ಮಾಡಿ ಟೆಂಟಿನಾಗ ಕುಂಡ್ರಿ”

ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ. ಆಫ್ ಮಾಡಿದರೆ ರಕ್ಷಣೆಯೂ ಸಿಗುವುದಿಲ್ಲ, ಸಹಾಯ ಕೇಳುವ ದಾರಿ ಮಾತ್ರ ಮುಚ್ಚುತ್ತದೆ. ಟೆಂಟಿನ ಬಟ್ಟೆ ಸಿಡಿಲನ್ನು ತಡೆಯದು. ನಮ್ಮದು ಬಟಾಬಯಲು ಸೀಮೆ, ಬಯಲಿನ ನಡುವೆ ಟೆಂಟ್ ಹಾಕಿದರೆ ಸುತ್ತಲಿಗೆಲ್ಲ ಅದೇ ಎತ್ತರದ ವಸ್ತು. ಒಂಟಿ ಮರದ ಕೆಳಗೆ ಹೋಗುವುದು ಇನ್ನೂ ಕೆಟ್ಟದ್ದು.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೇ ಇದೆ. ಕೂಡಲೇ ಪಕ್ಕಾ ಕಟ್ಟಡಕ್ಕೆ ಅಥವಾ ಗಾಜು ಏರಿಸಿದ ಕಾರಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಬರಬೇಡಿ. ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’ ಆ್ಯಪ್ ಇದೆ. ಅದನ್ನು ನೋಡಲಾದರೂ ಮೊಬೈಲ್ ಆನ್ ಇರಬೇಕಲ್ಲ.

ಹಾಗಾದರೆ ಹೋಗುವುದೇ ಬೇಡವೇ?

ಹೋಗಿ. ಆದರೆ ನವೆಂಬರಿನಿಂದ ಫೆಬ್ರವರಿ ನಡುವೆ ಹೋಗಿ. ಏಪ್ರಿಲ್, ಮೇನಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ಬೈಕಿನ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ, ರಾತ್ರಿ ಓಡಿಹೋಗಬೇಕೆಂದರೂ ಆಗದು. ಸಂಗಮ ನೋಡುವ ಆಸೆಯಿದ್ದರೆ ಹಗಲು ದಂಡೆಯಲ್ಲಿ ಕಳೆಯಿರಿ, ರಾತ್ರಿ ಗಾಣಗಾಪುರ ಊರಿನೊಳಗೆ ತಂಗಿರಿ. ಟೆಂಟೇ ಬೇಕೆಂದರೆ ದಂಡೆ ಬಿಟ್ಟು ಎತ್ತರದ ಜಾಗ ಹುಡುಕಿ. ಹಿಂದಿನ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಊರಿನ ಹಿರಿಯರನ್ನು ಕೇಳಿ. ಅವರು ಬೆರಳು ತೋರಿಸುವ ಗೆರೆ ಯಾವ ಆ್ಯಪಿನಲ್ಲೂ ಇಲ್ಲ. ಹೋಗುವ ಜಾಗ, ಮರಳುವ ಹೊತ್ತು ಮನೆಯಲ್ಲಿ ಹೇಳಿ ಹೊರಡಿ. ತುರ್ತಿಗೆ 112 ನೆನಪಿರಲಿ.

ಹಳೆಯ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿದ್ದರೆ, ಅದರ ಕೆಳಗೆ ನಮ್ಮ ಈ ಸಂದೇಶ ಹಾಕಿಬಿಡಿ:

“ಟೆಂಟ್ ಹಾಕೋಕಿಂತ ಮೊದಲ ಎರಡು ಮಾತು ಕೇಳ್ರಿ. ಈ ಜಾಗ ಯಾರದು? ಉಜನಿ, ಸೊನ್ನದಾಗ ನೀರು ಬಿಟ್ಟಾರೇನು? ಎರಡಕ್ಕೂ ಉತ್ತರ ಸಿಗಲಿಲ್ಲಂದ್ರ ಅವತ್ತು ಮನ್ಯಾಗ ಮಲಗ್ರಿ. ನದಿ ಎಲ್ಲಿಗೂ ಹೋಗಂಗಿಲ್ಲ.”