ನಿಮಗಿದು ಗೊತ್ತೇ? ವಿಕ್ಕಾ ಪಂಥದ ಎಂಟು ಹಬ್ಬಗಳು

• ವಿಕ್ಕಾ ಎಂದರೆ ಮಾಟಮಂತ್ರವನ್ನೂ ಒಳಗೊಂಡ ಆಧುನಿಕ ಪೇಗನ್ ಪಂಥ. ಇದರವರಿಗೆ ವರ್ಷಕ್ಕೆ ಎಂಟು ಹಬ್ಬ, ಸರಿಸುಮಾರು ಆರೇಳು ವಾರಕ್ಕೊಂದು. ಎರಡು ಅಯನದ ದಿನಗಳು, ಹಗಲಿರುಳು ಸಮನಾಗುವ ಎರಡು ವಿಷುವದ ದಿನಗಳು, ಇವುಗಳ ನಡುನಡುವೆ ಇನ್ನು ನಾಲ್ಕು. ಹುಣ್ಣಿಮೆಯ ಕೂಟಗಳದ್ದು ಬೇರೆಯೇ ಲೆಕ್ಕ.

• ಪಂಥವನ್ನು ಲೋಕಕ್ಕೆ ಪರಿಚಯಿಸಿದ ಜೆರಾಲ್ಡ್ ಗಾರ್ಡ್ನರ್ ಪುರೋಹಿತರ ಮನೆತನದವರೇನಲ್ಲ. ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿದ್ದ ಇಂಗ್ಲೆಂಡಿನವರು. ಮಾಟಮಂತ್ರದ ಶಕ್ತಿಯಿದೆಯೆಂದು ಹೇಳಿಕೊಳ್ಳುವುದನ್ನೇ ಅಪರಾಧವಾಗಿಸಿದ್ದ 1735ರ ಬ್ರಿಟಿಷ್ ಕಾಯ್ದೆ ರದ್ದಾದದ್ದು 1951ರಲ್ಲಿ. ಆಮೇಲೆ, 1954ರಲ್ಲಿ, ಗಾರ್ಡ್ನರ್ ಪುಸ್ತಕ ‘ವಿಚ್‌ಕ್ರಾಫ್ಟ್ ಟುಡೇ’ ಹೊರಬಂತು.

• ಎಂಟೂ ಹಬ್ಬಗಳಿಗೆ ಸಮಾನ ಪಟ್ಟ ಸಿಕ್ಕಿದ್ದು 1958ರಲ್ಲಷ್ಟೇ. ಅಯನ, ವಿಷುವಗಳನ್ನೂ ಜೋರಾಗಿಯೇ ಆಚರಿಸೋಣ ಎಂದು ಇಂಗ್ಲೆಂಡಿನ ಬ್ರಿಕೆಟ್ ವುಡ್‌ನಲ್ಲಿದ್ದ ಗಾರ್ಡ್ನರ್ ಕೂಟದವರು ಕೇಳಿದರು, ಗಾರ್ಡ್ನರ್ ಒಪ್ಪಿದರು. ಹಬ್ಬದೂಟ ಹೆಚ್ಚುತ್ತದೆಂದರೆ ಬೇಡವೆನ್ನುವವರು ಯಾರು!

• ಕೆಲವು ಹೆಸರುಗಳು ಇನ್ನೂ ಎಳೆಯವು. ಸೆಪ್ಟೆಂಬರಿನ ಸುಗ್ಗಿಯ ಹಬ್ಬಕ್ಕೆ ‘ಮೇಬನ್’ ಎಂದು ಹೆಸರಿಟ್ಟವರು ಅಮೆರಿಕದ ಏಡನ್ ಕೆಲ್ಲಿ, 1970ರ ದಶಕದಲ್ಲಿ. ಮೇಬನ್ ಎಂಬವನು ವೇಲ್ಸ್‌ನ ಹಳೆಯ ಕಥೆಯಲ್ಲಿ ಹಸುಗೂಸಾಗಿದ್ದಾಗಲೇ ತಾಯಿಯ ಮಗ್ಗುಲಿಂದ ಕಳುವಾದವನು. ಆ ಕಥೆಯಲ್ಲಿ ಸುಗ್ಗಿಯ ಸುದ್ದಿಯೇ ಇಲ್ಲ!

• ಹಾಗಾದರೆ ಎಲ್ಲವೂ ಹೊಸದೇ? ಖಂಡಿತ ಅಲ್ಲ. ಸಾವಿನ್ (ಅಕ್ಟೋಬರ್ 31), ಇಂಬೊಲ್ಕ್ (ಫೆಬ್ರುವರಿ 1), ಬೆಲ್ಟೇನ್ (ಮೇ 1), ಲೂನಸ (ಆಗಸ್ಟ್ 1) ನಾಲ್ಕೂ ಮಧ್ಯಯುಗದ ಐರಿಷ್ ಬರಹಗಳಲ್ಲೇ ಸಿಗುತ್ತವೆ. ಬೆಲ್ಟೇನ್ ಬಂತೆಂದರೆ ದನಗಳಿಗೆ ಕಿಚ್ಚು ಹಾಯಿಸುತ್ತಿದ್ದರು. ಎರಡು ಬೆಂಕಿಗಳ ನಡುವೆ ದಾಟಿಸಿದರೆ ವರ್ಷವಿಡೀ ರೋಗ ತಟ್ಟದೆಂಬ ನಂಬಿಕೆ. ಬಿಡಿಭಾಗಗಳು ಹಳೆಯವು, ಚಕ್ರವಾಗಿ ಜೋಡಿಸಿದ್ದು ಹೊಸದು ಎನ್ನುವುದೇ ಸರಿ.

• ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕ್ಯಾಲ್ಟನ್ ಗುಡ್ಡದ ಮೇಲೆ ಏಪ್ರಿಲ್ 30ರ ರಾತ್ರಿ ಬೆಲ್ಟೇನ್ ಅಗ್ನಿ ಉತ್ಸವ ನಡೆಯುತ್ತದೆ. ಶುರುವಾದದ್ದು 1988ರಲ್ಲಿ.

• ಇಂಬೊಲ್ಕ್ ದಿನವೇ ಸಂತ ಬ್ರಿಜಿಡ್ ಹಬ್ಬ. ಅವಳ ಹೆಸರಿನಲ್ಲಿ ಐರ್ಲೆಂಡ್ 2023ರಿಂದ ಸಾರ್ವಜನಿಕ ರಜೆ ಕೊಡುತ್ತಿದೆ. ಅದೇ ಹೆಸರಿನ ದೇವತೆಯನ್ನು ನೆನೆಯುವ ವಿಕ್ಕಾದವರಿಗೂ ರಜೆ ಪುಕ್ಕಟೆ.

• ಆಸ್ಟ್ರೇಲಿಯಾದ ವಿಕ್ಕಾದವರ ಪಾಡು ಕೇಳಿ. ಅಕ್ಟೋಬರ್ ಕೊನೆಗೆ ಅಂಗಡಿಗಳಲ್ಲಿ ಹ್ಯಾಲೋವೀನ್ ಕುಂಬಳಕಾಯಿ ತೂಗುವಾಗ ಅವರಲ್ಲಿ ಹಲವರಿಗೆ ವಸಂತದ ಬೆಲ್ಟೇನ್! ಋತುಗಳು ತಲೆಕೆಳಗಾದ್ದರಿಂದ ಪಂಚಾಂಗವನ್ನು ಆರು ತಿಂಗಳು ಸರಿಸಿಕೊಂಡಿದ್ದಾರೆ. ಚಳಿಗಾಲದ ಅಯನದ ಹಬ್ಬ ಯೂಲ್ ಬರುವುದು ಜೂನ್‌ನಲ್ಲಿ. ಇಂಗ್ಲೆಂಡಿನಲ್ಲಿ ಪೂಜೆಯ ವೃತ್ತವನ್ನು ಸೂರ್ಯನ ಚಲನೆಯಂತೆ ಪ್ರದಕ್ಷಿಣೆಯಾಗಿ ಸುತ್ತಿದರೆ, ಆಸ್ಟ್ರೇಲಿಯಾದಲ್ಲಿ ಹಲವರು ಅಪ್ರದಕ್ಷಿಣೆಯಾಗಿ ಸುತ್ತುತ್ತಾರೆ. ಏಕೆಂದರೆ ಅಲ್ಲಿನ ಆಕಾಶದಲ್ಲಿ ಸೂರ್ಯ ಸಾಗುವುದು ಉತ್ತರದ ಕಡೆಯಿಂದ.