“ಅಪ್ಪ ಮಲಗಿದ್ದಾರೆ”: ಸತ್ಯ ಮತ್ತು ಪ್ರಾಮಾಣಿಕತೆ



ಸತ್ಯದ ಬಗ್ಗೆ ಮಾತಾಡಲು ಕರೆದಿದ್ದೀರಿ. ಹರಿಶ್ಚಂದ್ರನ ಕಥೆ, ಪುಣ್ಯಕೋಟಿಯ ಕಥೆ ನಾನು ಹೇಳಬೇಕಾಗಿಲ್ಲ, ಅವು ನಿಮಗೆ ಬಾಯಿಪಾಠ. ನನ್ನದೇ ಮನೆಯ ಫೋನ್ ಕರೆಯೊಂದರಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ದುಬೈಯಲ್ಲಿ ನಾನಿದ್ದ ಕಂಪನಿ ಮುಚ್ಚಿತು. ಮೂರು ತಿಂಗಳು ಕೆಲಸವಿರಲಿಲ್ಲ. ಪ್ರತಿ ಶುಕ್ರವಾರ ಅಮ್ಮ ಕೇಳುತ್ತಿದ್ದಳು, “ಕೆಲಸ ಹೇಗಿದೆ ಮಗಾ?” ನಾನು, “ಈಗ ಕೆಲಸದ ಒತ್ತಡ ಏನೂ ಇಲ್ಲಮ್ಮ” ಎನ್ನುತ್ತಿದ್ದೆ. “ಅಪ್ಪನಿಗೆ ಫೋನ್ ಕೊಡು” ಎಂದರೆ ಅವಳು, “ಮಲಗಿದ್ದಾರೆ, ಎಬ್ಬಿಸೋದು ಬೇಡ” ಎನ್ನುತ್ತಿದ್ದಳು. ಅಪ್ಪ ಮಲಗಿದ್ದದ್ದು ನಿಜ. ಆದರೆ ಆಸ್ಪತ್ರೆಯಲ್ಲಿ, ಹೃದಯದ ಆಪರೇಷನ್ ಆಗಿ. ಅವರು ಮನೆಗೆ ಬಂದ ಮೇಲಷ್ಟೇ ನನಗೆ ಗೊತ್ತಾಯಿತು.

ಇಬ್ಬರೂ ಒಂದೇ ಒಂದು ಸುಳ್ಳು ಹೇಳಿರಲಿಲ್ಲ. ಹಾಗಾದರೆ ಇಬ್ಬರೂ ಮೋಸ ಹೋದದ್ದು ಹೇಗೆ?

ನೀತಿಶಾಸ್ತ್ರ ಇಲ್ಲೊಂದು ಗೆರೆ ಎಳೆಯುತ್ತದೆ. ಸತ್ಯವೆಂಬುದು ಆಡಿದ ಮಾತಿನ ಗುಣ. ವಸ್ತುಸ್ಥಿತಿಗೆ ಮಾತು ಹೊಂದಿದರೆ ಅದು ಸತ್ಯ. ಪ್ರಾಮಾಣಿಕತೆ ಆಡುವವನ ಗುಣ. ಕೇಳುವವರ ಮನಸ್ಸಿನಲ್ಲಿ ತಪ್ಪು ನಂಬಿಕೆ ಹುಟ್ಟಿಸದಿರುವುದು. ಅಶ್ವತ್ಥಾಮನೆಂಬ ಆನೆ ಸತ್ತದ್ದು ನಿಜವೇ. ಆದರೂ ನೆಲದಿಂದ ನಾಲ್ಕು ಬೆರಳು ಮೇಲಿದ್ದ ಧರ್ಮರಾಯನ ರಥ ಕೆಳಗಿಳಿಯಿತು.

ಸುಳ್ಳಿನ ವಿಷಯದಲ್ಲಿ ಅತ್ಯಂತ ಕಠಿಣನಾದ ಕಾಂಟ್ ಕೂಡ ಈ ಗೆರೆಯ ಮೇಲೆ ನಡೆದವನೇ. ಧರ್ಮದ ಕುರಿತ ಅವನ ಬರಹಗಳಿಗಾಗಿ 1794ರಲ್ಲಿ ಪ್ರಷ್ಯದ ರಾಜ ಎರಡನೆಯ ಫ್ರೆಡರಿಕ್ ವಿಲಿಯಂ ಗದರಿದ. ‘ಮಹಾಪ್ರಭುಗಳ ನಿಷ್ಠಾವಂತ ಪ್ರಜೆಯಾಗಿ’ ಇನ್ನು ಆ ವಿಷಯದಲ್ಲಿ ಬರೆಯುವುದಿಲ್ಲ ಎಂದು ಕಾಂಟ್ ಮಾತು ಕೊಟ್ಟ. 1797ರಲ್ಲಿ ರಾಜ ಸತ್ತ. ಮರುವರ್ಷ ಕಾಂಟ್ ಪತ್ರವನ್ನೇ ಅಚ್ಚು ಹಾಕಿಸಿ, ಆ ಪದಗಳನ್ನು ಬೇಕೆಂದೇ ಆರಿಸಿದ್ದೆ, ಮಾತು ಆ ರಾಜ ಬದುಕಿರುವವರೆಗೆ ಮಾತ್ರ ಎಂದ! ನಮ್ಮೂರಿನ ವಕೀಲರಿಗೂ ಇಷ್ಟು ಹೊಳೆಯುತ್ತಿತ್ತೋ ಇಲ್ಲವೋ.

ಅದೇ ಕಾಂಟ್ 1797ರ ಪ್ರಬಂಧದಲ್ಲಿ, ಕೊಲೆಗಾರ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕಿಲ್ಲ ಎಂದು ವಾದಿಸಿದ. ಈ ಪ್ರಶ್ನೆ ನಮಗೆ ಹೊಸದಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವನ್ನೇ ವ್ರತ ಮಾಡಿಕೊಂಡ ಕೌಶಿಕ, ಕಾಡಿನಲ್ಲಿ ಅಡಗಿದವರ ಜಾಗವನ್ನು ದರೋಡೆಕೋರರಿಗೆ ತೋರಿಸಿದ. ಅವರು ಸತ್ತರು, ಇವನು ನರಕಕ್ಕೆ ಹೋದ.

ಕಾಂಟ್‌ನನ್ನು ಎದುರಿಸಿದ ಬೆಂಜಮಿನ್ ಕಾನ್‌ಸ್ಟಂಟ್ ಹೇಳಿದ್ದು ಇದಕ್ಕೆ ಹತ್ತಿರವಾದದ್ದು: ಸತ್ಯದ ಮೇಲೆ ಹಕ್ಕಿರುವವರಿಗೆ ಮಾತ್ರ ಸತ್ಯ ಹೇಳುವುದು ಕರ್ತವ್ಯ. ದರೋಡೆಕೋರನಿಗೆ ಆ ಹಕ್ಕಿಲ್ಲ. ನಾನು ಕಾನ್‌ಸ್ಟಂಟ್ ಕಡೆಯವನು. ಆದರೆ ಒಂದು ಅಳುಕಿದೆ. ಯಾರಿಗೆ ಹಕ್ಕಿದೆ ಎಂದು ತೀರ್ಮಾನಿಸುವವರು ಯಾರು? ಯಾವಾಗಲೂ ಮುಚ್ಚಿಡುವವರೇ. ‘ಅವನಿಗೆ ಯಾಕೆ ಸುಮ್ಮನೆ ಚಿಂತೆ’ ಎಂದು ಅಮ್ಮ ತೀರ್ಮಾನಿಸಿದಳು, ‘ಅವಳಿಗೆ ಯಾಕೆ’ ಎಂದು ನಾನು. ಪ್ರೀತಿಯಿಂದಲೇ, ನಿಜ. ಆದರೆ ಆಪರೇಷನ್ ದಿನ ಊರಿಗೆ ಹೋಗಬೇಕೇ ಬೇಡವೇ ಎಂಬ ನಿರ್ಧಾರ ನನ್ನದಾಗಿತ್ತು. ಅದು ನನ್ನ ಕೈಗೆ ಬರಲೇ ಇಲ್ಲ. ಅಂದು ನನಗೆ ಕೆಲಸವಿರಲಿಲ್ಲ, ಹೋಗಿ ಅಪ್ಪನ ಪಕ್ಕದಲ್ಲಿ ಕೂರಬಹುದಿತ್ತು. ನಾನು ಬಿಡುವಾಗಿದ್ದೇನೆಂದು ಅಮ್ಮನಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲು ಅವಳೊಬ್ಬಳೇ ಹತ್ತಿ ಇಳಿದಳು.

ಕೊಲೆಗಾರ ಬಾಗಿಲು ತಟ್ಟುವುದು ನಮ್ಮ ಬದುಕಿನಲ್ಲಿ ಅಪರೂಪ. ಶುಕ್ರವಾರದ ಕರೆ ಪ್ರತಿ ವಾರ ಬರುತ್ತದೆ. ನಮ್ಮ ಮನೆಯಲ್ಲಿ ಆಮೇಲೆ ಒಂದು ಒಪ್ಪಂದವಾಯಿತು: ಕಾಯಿಲೆ, ಕೆಲಸ, ಸಾಲ, ಈ ಮೂರನ್ನು ಅದೇ ದಿನ ಹೇಳುವುದು. ಈಗಲೂ ಅಮ್ಮ “ಅಪ್ಪ ಮಲಗಿದ್ದಾರೆ” ಎಂದರೆ ನಾನು “ಎಲ್ಲಿ?” ಎಂದು ಕೇಳುತ್ತೇನೆ. ಅವಳು ನಗುತ್ತಾಳೆ, ಆಮೇಲೆ ಫೋನನ್ನು ಅಪ್ಪನ ಗೊರಕೆಯ ಹತ್ತಿರ ಹಿಡಿಯುತ್ತಾಳೆ.